ಐದನೇ ವಲಯದ ಡಿಸ್ಕು, ಒಂದನೇ ವಲಯದ ಪ್ಲೇಯರು

ಬೆಂಗಳೂರಿನಲ್ಲಿ ಕೊಂಡ ಹಾಲಿವುಡ್ ಚಿತ್ರದ ಡಿವಿಡಿಯನ್ನು ಅಮೆರಿಕದಲ್ಲಿ ಕೊಂಡ ಪ್ಲೇಯರಿಗೆ ಹಾಕಿದರೆ ಏನಾಗುತ್ತದೆ ಎಂಬುದು ಇಪ್ಪತ್ತು ವರ್ಷದ ಹಿಂದೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಗೊತ್ತು. ಟ್ರೇ ಒಳಗೆ ಸರಿಯುತ್ತದೆ, ಡಿಸ್ಕು ಗಿರಗಿರ ತಿರುಗುತ್ತದೆ, ತುಸು ಹೊತ್ತು ಆಸೆ ಹುಟ್ಟಿಸಿ ಕೊನೆಗೆ ಪರದೆಯ ಮೇಲೆ ‘ರೀಜನ್ ಸರಿಯಿಲ್ಲ’ ಎಂಬರ್ಥದ ಒಂದು ಸಾಲು ಮೂಡುತ್ತದೆ. ಸೂಟ್‌ಕೇಸಿನಲ್ಲಿ ಗೀರು ಬಿದ್ದಿರಬೇಕು ಎಂದುಕೊಂಡು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿದವರುಂಟು. ಒರೆಸಿ ಫಲವಿಲ್ಲ. ಆ ಸಾಲು ಮೂಡಿತೆಂದರೆ ಯಂತ್ರಕ್ಕೆ ಡಿಸ್ಕು ಓದಲು ಬಂದಿದೆ ಎಂದೇ ಅರ್ಥ. ಓದಿದ್ದರಿಂದಲೇ ತೋರಿಸಬಾರದೆಂಬುದು ಅದಕ್ಕೆ ತಿಳಿದದ್ದು.

ಓದುವ ಆ ಕೆಲಸವಾದರೂ ಸಣ್ಣದಲ್ಲ. 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪದ ಡಿಸ್ಕು ಎಂದರೆ ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಪಾಲಿಕಾರ್ಬೊನೇಟ್ ಬಿಲ್ಲೆಗಳು. ಅದರೊಳಗೆ ನಡುವಿನಿಂದ ಅಂಚಿನತ್ತ ಹೋಗುವ ಒಂದೇ ಒಂದು ಸುರುಳಿ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ 0.74 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಸುತ್ತು. ಸುರುಳಿಯನ್ನು ಬಿಡಿಸಿ ನೇರ ಮಾಡಿದರೆ 11 ಕಿಲೋಮೀಟರ್ ದಾಟುತ್ತದೆ. ಅದರುದ್ದಕ್ಕೂ ಒತ್ತಿದ ಕುಳಿಗಳಲ್ಲಿ ಅತಿ ಚಿಕ್ಕದು 0.4 ಮೈಕ್ರಾನ್ ಉದ್ದ. ಕೆಳಗಿನಿಂದ 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಬೀಳುತ್ತದೆ. ಕುಳಿಯಿಂದ ಮರಳುವ ಬೆಳಕು ಮಂಕು, ಸಮತಟ್ಟಿನಿಂದ ಮರಳುವುದು ಪ್ರಖರ. ಎಷ್ಟೇ ಒಳ್ಳೆಯ ಡಿಸ್ಕಾದರೂ ತಿರುಗುವಾಗ ಕೊಂಚ ಏರಿಳಿಯುತ್ತದೆ, ಪಕ್ಕಕ್ಕೂ ಓಲಾಡುತ್ತದೆ. ಹಾಗಾಗಿ ಲೆನ್ಸನ್ನು ಒಂದು ಸಣ್ಣ ತಂತಿಸುರುಳಿಗೆ ಕಟ್ಟಿ, ವಿದ್ಯುತ್ತಿನಿಂದ ಅದನ್ನು ಮೇಲೆ ಕೆಳಗೆ, ಆಚೆ ಈಚೆ ಕ್ಷಣಕ್ಷಣಕ್ಕೂ ಸರಿಸುತ್ತಿರಬೇಕು. ಡಿಸ್ಕು ಹಾಕಿದ ಕೂಡಲೇ ಒಳಗಿಂದ ಕೇಳುವ ಆ ಸಣ್ಣ ‘ಟಿಕ್ ಟಿಕ್’ ಸದ್ದಿನಲ್ಲಿ ಲೆನ್ಸಿನ ಈ ಹುಡುಕಾಟವೂ ಸೇರಿರುತ್ತದೆ.

ಇಷ್ಟೆಲ್ಲ ಕಸರತ್ತು ಮಾಡಿ ಸುರುಳಿಯ ಒಳತುದಿಯನ್ನು ಹಿಡಿದ ಯಂತ್ರ, ಚಿತ್ರ ತೋರಿಸುವ ಮೊದಲು ಒಂದು ಬೈಟನ್ನು ಪರೀಕ್ಷಿಸುತ್ತದೆ. ಒಂದು ಬೈಟಿಗೆ ಎಂಟು ಬಿಟ್. ಎಂಟು ಸ್ವಿಚ್ಚುಗಳ ಒಂದು ಬೋರ್ಡು ಎಂದುಕೊಳ್ಳಿ. ಒಂದೊಂದು ಸ್ವಿಚ್ಚು ಒಂದೊಂದು ವಲಯಕ್ಕೆ. ಒಂದನೆಯದು ಅಮೆರಿಕ, ಕೆನಡಾ. ಎರಡನೆಯದರಲ್ಲಿ ಪಶ್ಚಿಮ ಯೂರೋಪು, ಜಪಾನ್, ಕೊಲ್ಲಿ ದೇಶಗಳು. ಮೂರು ಆಗ್ನೇಯ ಏಷ್ಯಾಕ್ಕೆ, ನಾಲ್ಕು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಲ್ಯಾಟಿನ್ ಅಮೆರಿಕಕ್ಕೆ. ಐದರಲ್ಲಿ ನಾವು, ರಷ್ಯಾ, ಆಫ್ರಿಕಾದ ಬಹುಭಾಗ. ಆರು ಚೀನಾಕ್ಕೆ. ಏಳನ್ನು ಕಾದಿರಿಸಿದ್ದಾರೆ. ಎಂಟು ವಿಮಾನ, ಹಡಗುಗಳಿಗೆ. ವಿಚಿತ್ರವೆಂದರೆ ಇಲ್ಲಿ ‘1’ ಎಂದರೆ ನಿಷೇಧ, ‘0’ ಎಂದರೆ ಅನುಮತಿ. ಎಂಟೂ ಸೊನ್ನೆಯಾಗಿದ್ದರೆ ಆ ಡಿಸ್ಕು ಭೂಮಿಯ ಮೇಲೆ ಎಲ್ಲಾದರೂ ಓಡಬಹುದು. ಪ್ಲೇಯರಿಗೂ ಕಾರ್ಖಾನೆಯಲ್ಲೇ ಒಂದು ಅಂಕಿ ಬರೆದು ಕಳಿಸಿರುತ್ತಾರೆ. ತನ್ನ ಅಂಕಿಯ ಜಾಗದಲ್ಲಿ ‘1’ ಕಂಡರೆ ಅದು ಅಲ್ಲಿಗೇ ಕೈಮುಗಿಯುತ್ತದೆ.

ಗಿಗಾಬೈಟುಗಟ್ಟಲೆ ಚಿತ್ರಕ್ಕೆ ಒಂದು ಬೈಟಿನ ಚಿಲಕ! ಇದರ ಹಿಂದಿರುವುದು ಶುದ್ಧ ವ್ಯಾಪಾರ. ಡಿವಿಡಿ ಜಪಾನಿನ ಮಾರುಕಟ್ಟೆಗೆ ಬಂದದ್ದು 1996ರ ಕೊನೆಗೆ, ಅಮೆರಿಕಕ್ಕೆ 1997ರಲ್ಲಿ. ಆಗಿನ್ನೂ ಚಿತ್ರಗಳು ರೀಲಿನಲ್ಲಿ ಓಡುತ್ತಿದ್ದ ಕಾಲ. ಅಮೆರಿಕದ ಥಿಯೇಟರುಗಳಲ್ಲಿ ಬಿಡುಗಡೆಯಾದ ಚಿತ್ರ ತಿಂಗಳುಗಳ ನಂತರ ಬೇರೆ ದೇಶ ತಲುಪುತ್ತಿತ್ತು. ಅಷ್ಟರಲ್ಲಿ ಅಲ್ಲಿ ಡಿಸ್ಕು ಹೊರಬಂದು ಇಲ್ಲಿಗೆ ನುಸುಳಿದರೆ ಇಲ್ಲಿ ಟಿಕೆಟ್ ಕೊಳ್ಳುವವರಾರು? ಜೊತೆಗೆ ಒಂದೇ ಚಿತ್ರವನ್ನು ಒಂದೊಂದು ದೇಶದಲ್ಲಿ ಒಂದೊಂದು ಬೆಲೆಗೆ ಮಾರುವ ಅನುಕೂಲವೂ ಇತ್ತು. ಪ್ಲೇಯರ್ ತಯಾರಕರು ಈ ಬೈಟಿಗೆ ಮರ್ಯಾದೆ ಕೊಟ್ಟದ್ದು ಭೌತವಿಜ್ಞಾನದ ಒತ್ತಾಯಕ್ಕಲ್ಲ, ಕರಾರಿಗೆ. ಚಿತ್ರದ ದತ್ತಾಂಶವನ್ನು ‘ಸಿಎಸ್ಎಸ್’ ಎಂಬ 40 ಬಿಟ್‌ಗಳ ಗೂಢಲಿಪಿಯಲ್ಲಿ ಕಲಸಿಡುತ್ತಿದ್ದರು. ಅದನ್ನು ಬಿಡಿಸುವ ಕೀಲಿ ಬೇಕಿದ್ದ ಕಂಪನಿ ವಲಯದ ಕಟ್ಟಳೆಗೂ ಸಹಿ ಹಾಕಬೇಕಿತ್ತು.

ವ್ಯಾಪಾರಿಯ ಈ ಲೆಕ್ಕದಲ್ಲಿ ಮನೆ ಬದಲಿಸುವ ಮನುಷ್ಯನಿಗೆ ಜಾಗವೇ ಇರಲಿಲ್ಲ. ದುಡ್ಡು ಕೊಟ್ಟು ಕೊಂಡ ಡಿಸ್ಕುಗಳನ್ನು ಹೊತ್ತು ಊರು ಬಿಟ್ಟವನನ್ನೂ ಕಳ್ಳಸಾಗಣೆದಾರನನ್ನೂ ಆ ಬೈಟು ಒಂದೇ ತಕ್ಕಡಿಯಲ್ಲಿ ತೂಗಿತು. ದೊಡ್ಡವರೂ ತಪ್ಪಿಸಿಕೊಳ್ಳಲಿಲ್ಲ. 2009ರ ಮಾರ್ಚಿನಲ್ಲಿ ಬರಾಕ್ ಒಬಾಮಾ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರಿಗೆ 25 ಅಮೆರಿಕನ್ ಚಿತ್ರಗಳ ಡಿವಿಡಿ ಕಟ್ಟನ್ನು ಉಡುಗೊರೆಯಾಗಿ ಕೊಟ್ಟರು. ಅವು ಒಂದನೇ ವಲಯದವು, ಲಂಡನ್ನಿನ ಪ್ಲೇಯರಿನಲ್ಲಿ ಓಡಲಿಲ್ಲ ಎಂದು ಅಲ್ಲಿನ ಪತ್ರಿಕೆಗಳು ಬರೆದು ನಕ್ಕವು.

ನಮ್ಮ ಜನಕ್ಕೆ ಒಂದು ಅನುಕೂಲವಿತ್ತು. ಭಾರತೀಯ ಚಿತ್ರಗಳ ಡಿಸ್ಕುಗಳಲ್ಲಿ ಹೆಚ್ಚಿನವು ಎಂಟೂ ಸೊನ್ನೆಯೊಂದಿಗೆ ಬರುತ್ತಿದ್ದವು. ಹೊರದೇಶದ ಗಿರಾಕಿಯನ್ನು ಕಳೆದುಕೊಳ್ಳುವ ಮನಸ್ಸು ಇಲ್ಲಿನವರಿಗಿರಲಿಲ್ಲ. ಅದಕ್ಕೂ ಹಳೆಯ ವಿಸಿಡಿಗಳಿಗಂತೂ ವಲಯವೂ ಇಲ್ಲ, ಗೂಢಲಿಪಿಯೂ ಇಲ್ಲ. ಆದರೂ ಊರಿಂದ ತಂದ ಡಿಸ್ಕು ಅಮೆರಿಕದಲ್ಲಿ ಕೈಕೊಡುವುದಿತ್ತು. ಚಿತ್ರ ಉರುಳುರುಳಿ ಬರುತ್ತಿತ್ತು, ಇಲ್ಲವೇ ಬಣ್ಣ ಮಾಯವಾಗಿ ಕಪ್ಪು-ಬಿಳುಪು ಕಾಣುತ್ತಿತ್ತು. ಜನ ಇದನ್ನೂ ‘ರೀಜನ್ ತೊಂದರೆ’ ಎಂದೇ ಕರೆದರು. ಇದು ಬೇರೆಯದೇ ರೋಗ, ಮತ್ತು ನಿಜವಾದ ರೋಗ.

ಮೂಲ ಇರುವುದು ಮನೆಯ ಕರೆಂಟಿನಲ್ಲಿ. ಅಮೆರಿಕದಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಸಲ ತುಯ್ಯುತ್ತದೆ, ಭಾರತ ಮತ್ತು ಯೂರೋಪಿನಲ್ಲಿ 50 ಸಲ. ಟಿವಿ ಹುಟ್ಟಿದ ಕಾಲದಲ್ಲಿ ಚಿತ್ರದ ಮೇಲೆ ವಿದ್ಯುತ್ತಿನ ಅಲೆಯ ಪಟ್ಟೆಗಳು ತೆವಳದಿರಲೆಂದು ಎರಡರ ವೇಗವನ್ನೂ ಹೊಂದಿಸಿದರು. ಅದರ ಮೇಲೆ ಅಮೆರಿಕ 1953ರಲ್ಲಿ ಎನ್‌ಟಿಎಸ್‌ಸಿ ಎಂಬ ಬಣ್ಣದ ಪದ್ಧತಿಯನ್ನು ಒಪ್ಪಿಕೊಂಡಿತು. 1967ರಲ್ಲಿ ಬ್ರಿಟನ್, ಜರ್ಮನಿಗಳು ಪಾಲ್ ಪದ್ಧತಿಯಲ್ಲಿ ಪ್ರಸಾರ ಆರಂಭಿಸಿದವು. 1982ರ ಏಷ್ಯಾಡ್ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಾವೂ ಪಾಲ್ ಹಿಡಿದೆವು. ಡಿವಿಡಿಯೊಳಗೆ ಇರುವುದು ಅಂಕಿಗಳೇ ಆದರೂ ಈ ಪಿತ್ರಾರ್ಜಿತ ಬಿಡಲಿಲ್ಲ. ಪಾಲ್ ಡಿಸ್ಕಿನಲ್ಲಿ 576 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿಯಲ್ಲಿ 480 ಗೆರೆ, ಸೆಕೆಂಡಿಗೆ ಸುಮಾರು 30. ಯೂರೋಪಿನ, ನಮ್ಮ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ನಿಭಾಯಿಸುತ್ತಿದ್ದವು. ಅಮೆರಿಕದ ಹಳೆಯ ಟಿವಿಗಳಿಗೆ 50ರ ತಾಳ ಗೊತ್ತೇ ಇರಲಿಲ್ಲ. ಜಪಾನ್ ಮತ್ತು ಬ್ರಿಟನ್ ಎರಡೂ ಎರಡನೇ ವಲಯದವು, ಆದರೆ ಒಂದು ಎನ್‌ಟಿಎಸ್‌ಸಿ, ಇನ್ನೊಂದು ಪಾಲ್. ಇದೊಂದೇ ಸಾಕು, ಎರಡು ಅಡ್ಡಿಗಳಿಗೂ ಸಂಬಂಧವಿಲ್ಲ ಎನ್ನಲು.

ಸಂಗೀತದ ಕಿವಿಯಿರುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಪಾಲ್ ಡಿಸ್ಕಿಗೆ ಹಾಕುವಾಗ ಅದನ್ನು ಸಾಮಾನ್ಯವಾಗಿ ಹಾಗೇ 25ಕ್ಕೆ ಓಡಿಸಿಬಿಡುತ್ತಾರೆ. ಎರಡೂವರೆ ಗಂಟೆಯ ಚಿತ್ರ 6 ನಿಮಿಷ ಮೊದಲೇ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ಶ್ರುತಿಯೂ ಒಂದು ಸ್ವರಸ್ಥಾನಕ್ಕೆ ಕೊಂಚ ಕಡಿಮೆ ಏರುತ್ತದೆ. ಅದೇ ಚಿತ್ರದ ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ನಾಯಕನ ದನಿ ತುಸು ಗಡಸಾಗಿ ಕೇಳಿದರೆ, ಸರಿಯಾದದ್ದು ಅದೇ. ಅಲ್ಲಿ ಬೇರೆ ಉಪಾಯ: ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಿ 24ನ್ನು 60ಕ್ಕೆ ಹಿಗ್ಗಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಸಣ್ಣ ಎಡವು ಕಾಣುವುದು ಅದರಿಂದಲೇ.

ಇನ್ನು ವಲಯದ ಚಿಲಕದ ಗತಿ. ಅಗ್ಗದ ಪ್ಲೇಯರುಗಳ ಎಷ್ಟೋ ತಯಾರಕರು ಅದನ್ನು ತೆಗೆಯುವ ದಾರಿಯನ್ನು ತಾವೇ ಒಳಗಿಟ್ಟಿದ್ದರು. ಟ್ರೇ ತೆರೆದಿಟ್ಟು ರಿಮೋಟಿನಲ್ಲಿ ಕೆಲವು ಅಂಕಿ ಒತ್ತಿದರೆ ಗುಪ್ತ ಮೆನು ಬರುತ್ತಿತ್ತು. ಅಲ್ಲಿ ವಲಯವನ್ನು ಸೊನ್ನೆ ಮಾಡಿದರಾಯಿತು. ಇದಕ್ಕೆ ಎದುರೇಟಾಗಿ 2000ದಲ್ಲಿ ‘ದಿ ಪೇಟ್ರಿಯಟ್’ನಂಥ ಡಿಸ್ಕುಗಳು ತಾವೇ ಪ್ಲೇಯರನ್ನು ‘ನಿನ್ನ ವಲಯ ಯಾವುದು?’ ಎಂದು ಕೇಳಲಾರಂಭಿಸಿದವು. ‘ಎಲ್ಲವೂ’ ಎಂದ ಪ್ಲೇಯರಿಗೆ ಬಾಗಿಲಿಲ್ಲ. ಜನ ಸೊನ್ನೆ ಬಿಟ್ಟು ‘1’ ಎಂದು ಹಾಕಿಕೊಂಡರು, ಅಲ್ಲಿಗೆ ಅದೂ ಮುಗಿಯಿತು. ಗೂಢಲಿಪಿ 1999ರಲ್ಲೇ ಒಡೆದಿತ್ತು. ಆ ಪ್ರಕರಣದಲ್ಲಿ ನಾರ್ವೆಯ ಹದಿಹರೆಯದ ಯೋನ್ ಲೆಕ್ ಯೋಹಾನ್ಸನ್ ಮೇಲೆ ಮೊಕದ್ದಮೆ ಹೂಡಿದರು. 2003ರಲ್ಲಿ ಎರಡು ಹಂತದ ನ್ಯಾಯಾಲಯಗಳೂ ಅವನನ್ನು ಖುಲಾಸೆ ಮಾಡಿದವು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳು ವಲಯದ ಚಿಲಕಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಇಲ್ಲವೆಂದು ಕಾನೂನಿನಲ್ಲೇ ಬರೆದುಕೊಂಡವು. ಅಮೆರಿಕ ಅಷ್ಟು ಉದಾರಿಯಾಗಲಿಲ್ಲ.

ಅಟ್ಟದ ಮೇಲೆ ಇನ್ನೂ ಇಂಥ ಡಿಸ್ಕುಗಳಿದ್ದು, ಕಂಪ್ಯೂಟರಿನಲ್ಲಿ ನೋಡುವ ಮನಸ್ಸಿದ್ದರೆ ಒಂದು ಸಂಗತಿ ತಿಳಿದಿರಲಿ. 2000ದಿಂದೀಚಿನ ಡಿವಿಡಿ ಡ್ರೈವುಗಳು ವಲಯ ಬದಲಿಸಲು ಬಿಡುವುದು ಐದೇ ಸಲ. ಬೇರೆ ವಲಯದ ಡಿಸ್ಕು ಹಾಕಿದಾಗ ‘ವಲಯ ಬದಲಿಸಲೇ?’ ಎಂದು ಕೇಳುವ ಪೆಟ್ಟಿಗೆಗೆ ಯೋಚಿಸದೆ ‘ಹೌದು’ ಎನ್ನುತ್ತಾ ಹೋದರೆ ಐದನೆಯ ಬಾರಿಗೆ ಡ್ರೈವು ಅಲ್ಲಿಗೇ ಬೀಗ ಜಡಿದುಕೊಳ್ಳುತ್ತದೆ. ಲೆಕ್ಕ ಡ್ರೈವಿನ ಸ್ವಂತ ಚಿಪ್ಪಿನಲ್ಲಿ ಇರುವುದರಿಂದ ವಿಂಡೋಸ್ ಹೊಸದಾಗಿ ಹಾಕಿದರೂ ಅಳಿಯದು. ವಿಎಲ್‌ಸಿಯಂಥ ತಂತ್ರಾಂಶ ಹಲವು ಡ್ರೈವುಗಳಲ್ಲಿ ಆ ಲೆಕ್ಕವನ್ನು ಕೇಳದೆಯೇ ಕೀಲಿಯನ್ನು ಗಣಿತದಿಂದ ಊಹಿಸಿ ಚಿತ್ರ ತೋರಿಸುತ್ತದೆ. 50, 60ರ ಜಗಳ ಕಂಪ್ಯೂಟರಿನ ಪರದೆಗೆ ಲೆಕ್ಕಕ್ಕೇ ಇಲ್ಲ. ಬ್ಲೂ-ರೇಯಲ್ಲಿ ವಲಯಗಳು ಮೂರಕ್ಕೆ ಇಳಿದವು, 4ಕೆ ಬ್ಲೂ-ರೇಯಲ್ಲಿ ಒಂದೂ ಉಳಿಯಲಿಲ್ಲ. ಡಿಸ್ಕಿನ ಬದಲು ನೆಟ್ಟಿನಲ್ಲೇ ನೋಡುವವರನ್ನು ಮಾತ್ರ ಸ್ಟ್ರೀಮಿಂಗ್ ಕಂಪನಿಗಳು ಈಗಲೂ ಯಾವ ದೇಶದಲ್ಲಿದ್ದೀರಿ ಎಂದು ಇಂಟರ್ನೆಟ್ ವಿಳಾಸದಿಂದ ಪತ್ತೆಹಚ್ಚಿಯೇ ಒಳಗೆ ಬಿಡುವುದು.