ತುಂಡಾದ ಎಳೆ, ತಪ್ಪಿದ ಗಂಟು

ಬೀಡಿ ಸೇದಿದವರಲ್ಲ, ಕುಡಿದವರಲ್ಲ, ಮನೆತನದಲ್ಲಿ ಯಾರಿಗೂ ಇದ್ದದ್ದಲ್ಲ. ಹಾಗಿದ್ದೂ ರಕ್ತದ ಕ್ಯಾನ್ಸರ್ ಯಾಕೆ ಬಂತು? ಶಿಗ್ಗಾಂವದ ಕಡೆಯಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ, ಹಣೆಬರಹ ಎಂಬಲ್ಲಿಗೆ ಮುಗಿಯುತ್ತದೆ. ಅದೇ ಪ್ರಶ್ನೆಯನ್ನು ಡಿಎನ್‌ಎ ಎಳೆಯವರೆಗೆ ಇಳಿದು ಕೇಳುತ್ತಿರುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನ ವಿಭಾಗದ ಸತೀಶ್ ಸಿ. ರಾಘವನ್. 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದವರು.

ರಕ್ತದ ಕ್ಯಾನ್ಸರಿಗೂ ವರ್ಣತಂತುಗಳಿಗೂ ಇರುವ ನಂಟು ಮೊದಲು ಕಂಡದ್ದು 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಒಂದು ಬಗೆಯ ಲ್ಯುಕೇಮಿಯಾ ರೋಗಿಗಳ ಜೀವಕೋಶಗಳಲ್ಲಿ ಒಂದು ವರ್ಣತಂತು ತೀರಾ ಮೋಟಾಗಿತ್ತು. ಅದು 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾದ ಫಲ ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಆ ಒಂದು ತಪ್ಪನ್ನೇ ಗುರಿಮಾಡಿದ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಅದರ ಸುಧಾರಿತ ರೂಪಕ್ಕೆ ಪೇಟೆಂಟ್ ಇಲ್ಲವೆಂದು 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅಗ್ಗದ ಮಾತ್ರೆಯ ದಾರಿ ಮುಚ್ಚಲಿಲ್ಲ.

ರಾಘವನ್ ಕೈಗೆತ್ತಿಕೊಂಡದ್ದು ಇನ್ನೊಂದು ಅದಲುಬದಲು: 14 ಮತ್ತು 18ನೇ ವರ್ಣತಂತುಗಳದು. ಕುತ್ತಿಗೆಯಲ್ಲೋ ಬಗಲಲ್ಲೋ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುವ ಫಾಲಿಕ್ಯುಲರ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನ ಬಹುಪಾಲು ರೋಗಿಗಳಲ್ಲಿ ಇದು ಇರುತ್ತದೆ. 14ನೆಯದು ತುಂಡಾಗುವುದರಲ್ಲಿ ವಿಶೇಷವೇನಿಲ್ಲ. ಸಾವಿರಾರು ಬಗೆಯ ರೋಗಾಣುಗಳಿಗೆ ಬೇರೆ ಬೇರೆ ಪ್ರತಿಕಾಯ ತಯಾರಿಸಬೇಕಾದ ಬಿ ಜೀವಕೋಶಗಳು ಅಸ್ಥಿಮಜ್ಜೆಯಲ್ಲಿ ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಆ ಕೆಲಸಕ್ಕೆಂದೇ ರ‍್ಯಾಗ್ ಎಂಬ ಕಿಣ್ವವಿದೆ. ಆದರೆ ಅದಕ್ಕೆ ಏನೂ ಸಂಬಂಧವಿಲ್ಲದ 18ನೆಯದು ಏಕೆ ತುಂಡಾಗಬೇಕು? ಅದೂ ಡಿಎನ್‌ಎಯ ಸುಮಾರು ಎರಡು ಲಕ್ಷ ಅಕ್ಷರಗಳಷ್ಟು ಉದ್ದದ ಬಿಸಿಎಲ್2 ಜೀನಿನಲ್ಲಿ, ಅರ್ಧದಷ್ಟು ರೋಗಿಗಳಲ್ಲಿ, ಕೇವಲ 150 ಅಕ್ಷರಗಳ ಒಂದೇ ಜಾಗದಲ್ಲಿ?

ಅಮೆರಿಕದಲ್ಲಿ ವಿಜ್ಞಾನಿ ಮೈಕೆಲ್ ಲೀಬರ್ ಅವರೊಂದಿಗೆ ದುಡಿಯುತ್ತಿದ್ದಾಗ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ರಾಘವನ್ ಕೊಟ್ಟ ಉತ್ತರ ಇದು: ಆ ಜಾಗದಲ್ಲಿ ಡಿಎನ್‌ಎ ತನ್ನ ಎಂದಿನ ಜೋಡಿ ಸುರುಳಿ ಬಿಟ್ಟು ಬೇರೆ ಆಕಾರ ತಾಳುತ್ತದೆ, ರ‍್ಯಾಗ್ ಅದನ್ನೂ ಕತ್ತರಿಸಿಬಿಡುತ್ತದೆ. ಬೆಂಗಳೂರಿಗೆ ಬಂದ ಮೇಲೆ ಅವರ ತಂಡ, ಅಲ್ಲಿ ಎಳೆಯೊಂದು ನಾಲ್ಕು ಮಡಿಕೆಯಾಗಿ ಗಟ್ಟಿಯಾಗಬಲ್ಲದು ಎಂದು 2011ರಲ್ಲಿ ತೋರಿಸಿತು. ಇದಕ್ಕೆ ಬೇರೆ ವಿವರಣೆ ಕೊಡುವ ವಿಜ್ಞಾನಿಗಳೂ ಇದ್ದಾರೆ. ಲೀಬರ್ ಅವರ ತಂಡವೇ 2008ರಲ್ಲಿ ಇನ್ನೊಂದು ಕಾರಣವನ್ನು ಮುಂದಿಟ್ಟಿತ್ತು.

ಮುಂದಿನದು ಮಗ್ಗದ ಮುಂದೆ ಕೂತವರಿಗೆ ಬೇಗ ತಿಳಿಯುತ್ತದೆ. ಎರಡು ಎಳೆ ಒಟ್ಟಿಗೆ ಹರಿದಾಗ ಅವಸರದಲ್ಲಿ ಇದರ ತುದಿಯನ್ನು ಅದಕ್ಕೆ ಗಂಟು ಹಾಕಿದಂತೆ, ಜೀವಕೋಶ 18ರ ತುಂಡನ್ನು 14ಕ್ಕೆ ಕೂಡಿಸುತ್ತದೆ. ಪ್ರತಿಕಾಯದ ಜೀನು ಸದಾ ಚುರುಕಾಗಿರುವಂಥದು. ಅದರ ಪಕ್ಕಕ್ಕೆ ಬಂದ ಬಿಸಿಎಲ್2 ಕೂಡ ಬಿಡುವಿಲ್ಲದೆ ಕೆಲಸ ಮಾಡುತ್ತದೆ. ಜೀವಕೋಶ ಸಾಯದಂತೆ ತಡೆಯುವುದೇ ಅದರ ಕೆಲಸ. ಹೀಗಾಗಿ ಈ ಕ್ಯಾನ್ಸರ್ ಬೆಳೆಯುವುದು ಜೀವಕೋಶಗಳು ಜೋರಾಗಿ ಹುಟ್ಟುವುದರಿಂದಲ್ಲ, ಸಾಯಬೇಕಾದವು ಸಾಯದೆ ಉಳಿಯುವುದರಿಂದ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವೆನಿಸಿದ ಸಂಗತಿ ಇದು. ಇನ್ನೊಂದು ಸಂಗತಿಯೂ ಇದೆ. ಆರೋಗ್ಯವಂತ ಭಾರತೀಯರ ರಕ್ತದಲ್ಲೂ ಇದೇ ಅದಲುಬದಲು ಇರುವುದನ್ನು ರಾಘವನ್ ತಂಡ 2010ರಲ್ಲಿ ವರದಿ ಮಾಡಿತು. ಒಂದು ತಪ್ಪು ಗಂಟಿನಿಂದಲೇ ರೋಗವಾಗುವುದಿಲ್ಲ. ಮೇಲೆ ಇನ್ನಷ್ಟು ಪೆಟ್ಟು ಬೀಳಬೇಕು.

ಗಂಟು ಹಾಕುವ ಕೆಲಸವನ್ನೇ ತಡೆದರೆ ಕ್ಯಾನ್ಸರ್ ಕೋಶ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳಲಾರದೆ ಸಾಯಬಹುದಲ್ಲವೇ? ಈ ಯೋಚನೆಯಿಂದ ರೂಪುಗೊಂಡ ಎಸ್‌ಸಿಆರ್7 ಎಂಬ ಅಣು 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೀನ್ ತಿದ್ದುವ ಪ್ರಯೋಗಗಳಲ್ಲಿ ಹೊರದೇಶದವರೂ ಅದನ್ನು ಬಳಸಿದರು. ಅದು ಹೇಳಿದಷ್ಟು ನಿಖರವಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ಬೇರೊಂದು ತಂಡ ತಕರಾರೆತ್ತಿತು.

ನಮ್ಮ ಹೊಲಗಳಿಗೆ ನೇರವಾಗಿ ತಾಗುವುದು ಇದೇ ಪ್ರಯೋಗಾಲಯದ ಎಂಡೋಸಲ್ಫಾನ್ ಅಧ್ಯಯನ. ಕಾಸರಗೋಡಿನ ಎಣ್ಮಕಜೆ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ, ದೇಶದೆಲ್ಲೆಡೆ ಹತ್ತಿಗೂ ಹೊಡೆದ ಕೀಟನಾಶಕ ಅದು, 2011ರಲ್ಲಿ ನಿಷೇಧವಾಯಿತು. ಮನುಷ್ಯರ ಜೀವಕೋಶಗಳಲ್ಲೂ ಇಲಿಗಳಲ್ಲೂ ಅದು ಡಿಎನ್‌ಎಯನ್ನು ತುಂಡರಿಸುತ್ತದೆ, ಆ ತುಂಡುಗಳ ಜೋಡಣೆಯೂ ತಪ್ಪುತಪ್ಪಾಗಿ ಆಗುತ್ತದೆ ಎಂದು 2016ರಲ್ಲಿ ರಾಘವನ್ ಮತ್ತು ಅವರ ಸಹಸಂಶೋಧಕರು ಬರೆದರು. ಇಂಥವರ ಕ್ಯಾನ್ಸರಿಗೆ ಇದೇ ಕಾರಣ ಎಂದು ಆ ಅಧ್ಯಯನ ಬೆರಳು ಮಾಡುವುದಿಲ್ಲ. ಆದರೆ ತಮ್ಮ ಕಾಯಿಲೆಗಳಿಗೆ ಈ ಕೀಟನಾಶಕವೇ ಕಾರಣವೆಂದು ಕಾಸರಗೋಡಿನ ಜನ ವರ್ಷಗಟ್ಟಲೆ ಹೇಳುತ್ತಾ ಬಂದ ಮಾತಿಗೆ ಅಲ್ಲಿ ಅಣುಮಟ್ಟದ ಆಧಾರವೊಂದು ಸಿಕ್ಕಿತು. ಶಿಗ್ಗಾಂವ, ಸವಣೂರಿನ ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಹೊಲಗಳಲ್ಲಿ ಬಾಯಿಗೆ ಟವೆಲ್ಲೂ ಕಟ್ಟದೆ ಎಣ್ಣಿ ಹೊಡೆಯುವವರು ಇಂದಿಗೂ ಇದ್ದಾರೆ. ಅವರ ಬೆನ್ನ ಮೇಲಿನ ಪಂಪಿನಲ್ಲಿರುವ ಒಂದೊಂದು ಔಷಧಿಯನ್ನೂ ಇದೇ ಪರೀಕ್ಷೆಗೆ ಒಡ್ಡಬೇಕು, ಫಲಿತಾಂಶವನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕು.