‘ಸಾಕು’ ಎನ್ನುವ ಮಠದ ಬಿಯರು



ಜುಲೈ 11ರಂದು ಧರ್ಮಸಭೆಯು ಸಂತ ಬೆನೆಡಿಕ್ಟರ ಹಬ್ಬವನ್ನು ಆಚರಿಸುತ್ತದೆ. 6ನೇ ಶತಮಾನದಲ್ಲಿ ಇಟಲಿಯಲ್ಲಿ ಬಾಳಿದ ಈ ಸಂತರು ತಮ್ಮ ಮಠವಾಸಿಗಳಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿಯನ್ನು ಬರೆದರು. ಅವರ ಹಬ್ಬದ ಈ ಸಂದರ್ಭದಲ್ಲಿ, ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳಿಗೆ ಭೇಟಿ ನೀಡುವಾಗ ನಾವು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. “ಫಾದರ್, ಪ್ರಬೋಧನೆಯಲ್ಲಿ ಕುಡಿತ ಬಿಡಿ ಎನ್ನುತ್ತೀರಿ. ಹೊರದೇಶದಲ್ಲಿ ನಮ್ಮ ಸನ್ಯಾಸಿಗಳೇ ಬಿಯರು ಮಾಡಿ ಮಾರುತ್ತಾರಂತಲ್ಲ, ಅದು ಹೇಗೆ?”

ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮನೆಯ ಗಂಡಸರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಉತ್ತರಕ್ಕೆ ಕಿವಿಗೊಡುವವರು ಅವರ ಹೆಂಡತಿಯರು. ಇಬ್ಬರಿಗೂ ಸಲ್ಲುವ ಉತ್ತರ ಬೇಕಾಗಿದೆ.

ಯಾರು ಈ ಸನ್ಯಾಸಿಗಳು?

ಬೆನೆಡಿಕ್ಟರ ನಿಯಮವನ್ನು ಸಡಿಲಿಸದೆ ಪಾಲಿಸಬೇಕೆಂದು 1098ರಲ್ಲಿ ಫ್ರಾನ್ಸಿನ ಸೀತೋ ಎಂಬಲ್ಲಿ ಒಂದು ಮಠ ಹುಟ್ಟಿತು. ಅಲ್ಲಿಂದ ಬಂದವರು ಸಿಸ್ಟರ್ಸಿಯನ್ ಸನ್ಯಾಸಿಗಳು. 17ನೇ ಶತಮಾನದಲ್ಲಿ ಅವರ ಲಾ ಟ್ರಾಪ್ ಮಠದಲ್ಲಿ ಇನ್ನೂ ಕಟ್ಟುನಿಟ್ಟಾದ ಸುಧಾರಣೆ ನಡೆಯಿತು. ಅದನ್ನು ಅನುಸರಿಸಿದವರಿಗೆ ‘ಟ್ರ್ಯಾಪಿಸ್ಟ್’ ಎಂಬ ಹೆಸರು ನಿಂತಿತು. ಮೌನ, ಪ್ರಾರ್ಥನೆ, ಕೈದುಡಿಮೆ ಇವರ ಬಾಳು. ಮಠವು ಕಾಣಿಕೆಯನ್ನು ನೆಚ್ಚಿ ಕೂರದೆ ತನ್ನ ದುಡಿಮೆಯಿಂದ ಬದುಕಬೇಕೆಂಬುದು ನಿಯಮ. ದ್ರಾಕ್ಷಿ ಬೆಳೆಯುವ ನಾಡಿನಲ್ಲಿ ದ್ರಾಕ್ಷಾರಸ, ಹುಲ್ಲುಗಾವಲಿದ್ದಲ್ಲಿ ಚೀಸ್, ಬಾರ್ಲಿ ಬೆಳೆಯುವ ಬೆಲ್ಜಿಯಂನಲ್ಲಿ ಬಿಯರು, ಹೀಗೆ ನೆಲಕ್ಕೆ ತಕ್ಕ ಕಸುಬು.

ಬೆಲ್ಜಿಯಂನ ವೆಸ್ಟ್‌ಫ್ಲೆಟೆರೆನ್ ಹಳ್ಳಿಯ ಸಂತ ಸಿಕ್ಸ್ಟಸ್ ಮಠವು 1831ರಲ್ಲಿ ಸ್ಥಾಪನೆಯಾಯಿತು. 1830ರ ದಶಕ ಮುಗಿಯುವ ಮೊದಲೇ ಅಲ್ಲಿ ಬಿಯರು ತಯಾರಿಕೆ ಆರಂಭವಾಗಿತ್ತು. ನಮ್ಮ ತಾಯಂದಿರು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿಯುವಂತೆಯೇ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು ಮತ್ತು ಸಕ್ಕರೆ ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಬೆರೆಸಿ ಹುಳಿಯಲು ಬಿಡುತ್ತಾರೆ. ಆ ಯೀಸ್ಟನ್ನು ಇವರು ವೆಸ್ಟ್‌ಮಾಲ್ ಎಂಬ ಇನ್ನೊಂದು ಟ್ರ್ಯಾಪಿಸ್ಟ್ ಮಠದಿಂದ ತರುತ್ತಾರೆ. ಮೊಸರಿಗೆ ಹೆಪ್ಪಿಲ್ಲವೆಂದು ನಾವು ಲೋಟ ಹಿಡಿದು ಪಕ್ಕದ ಮನೆಗೆ ಹೋಗುವುದಿಲ್ಲವೇ, ಹಾಗೆ. ಬಳಿಕ ಹಲವು ವಾರ ಅದು ಮಾಗುತ್ತದೆ.

ನಾವು ಕಂಡ ರುಚಿ

ಇಲ್ಲಿಯ ಮೂರು ಬಗೆಗಳಲ್ಲಿ ‘12’ ಎಂದು ಕರೆಯುವ ಕಡುಕಂದು ಬಿಯರು ಹೆಸರಾದುದು. ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿರುವ ಭದ್ರಾವತಿಯ ಯುವಕರೊಬ್ಬರು ರಜೆಗೆ ಬಂದಾಗ ಇದರ ಒಂದು ಬಾಟಲಿ ತಂದಿದ್ದರು. ಶಿವಮೊಗ್ಗದಲ್ಲಿ ನಾವು ಕೆಲವು ಗುರುಗಳು ಸೇರಿದ್ದ ಸಂಜೆ ಅದನ್ನು ತೆರೆದೆವು. 330 ಮಿಲಿಲೀಟರಿನ ಬಾಟಲಿಗೆ ಆರು ಮಂದಿ. ತಲಾ 55 ಮಿಲಿಲೀಟರ್.

ತಳದಲ್ಲಿ ಯೀಸ್ಟಿನ ಗಸಿ ಇರುವುದರಿಂದ ಕದಡದಂತೆ ಮೆಲ್ಲಗೆ ಬಗ್ಗಿಸಬೇಕು. ಕೊರೆಯುವಷ್ಟು ತಣ್ಣಗೆ ಕುಡಿಯುವ ಪಾನೀಯವೂ ಇದಲ್ಲ. ಮೂಗಿಗೆ ಮೊದಲು ಒಣದ್ರಾಕ್ಷಿ ಮತ್ತು ಅಂಜೂರದ ವಾಸನೆ ಬಂತು. ನಾಲಿಗೆಯ ಮೇಲೆ ನಮ್ಮ ಮಲೆನಾಡಿನ ಜೋನಿಬೆಲ್ಲದ ನೆನಪು, ಕೊನೆಯಲ್ಲಿ ಹುರಿದ ಕಾಳಿನ ತೆಳುವಾದ ಕಹಿ. ನುಂಗಿದ ಮೇಲೆ ಎದೆ ಬೆಚ್ಚಗಾಯಿತು. ಗಟಗಟ ಕುಡಿಯಲು ಅದು ಬಿಡುವುದಿಲ್ಲ. ಆ ಚೂರು ಮುಗಿಯಲು ಅರ್ಧ ಗಂಟೆ ಹಿಡಿಯಿತು, ಮಾತು ಮಾತ್ರ ಅದಕ್ಕಿಂತ ಹೆಚ್ಚು ನಡೆಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಿಯರು ತಾನೇ, ಏನಾಗುತ್ತದೆ ಎನ್ನುವವರಿದ್ದಾರೆ. ಇದರಲ್ಲಿ ಮದ್ಯಸಾರ ಶೇಕಡಾ 10.2. ಈ ಪುಟ್ಟ ಬಾಟಲಿಯನ್ನು ಒಬ್ಬರೇ ಕುಡಿದರೆ ಸುಮಾರು 80 ಮಿಲಿಲೀಟರ್ ವಿಸ್ಕಿ ಕುಡಿದಂತೆ, ಅಂದರೆ ದೊಡ್ಡ ಪೆಗ್ಗಿಗಿಂತ ಹೆಚ್ಚು. ಮಠದಲ್ಲಿ ತಯಾರಾಯಿತೆಂದು ಮದ್ಯವು ತನ್ನ ಗುಣವನ್ನು ಬಿಡುವುದಿಲ್ಲ.

ಏಕೆ ಇಷ್ಟು ಅಪರೂಪ?

ಬಿಯರಿನ ರಸಿಕರು 2005ರಲ್ಲಿ ಇದನ್ನು ಜಗತ್ತಿನ ಅತ್ಯುತ್ತಮ ಬಿಯರೆಂದು ಆರಿಸಿದರು. ಮಠದ ಬಾಗಿಲಿಗೆ ಕಾರುಗಳ ಸಾಲು ಬಂತು, ದಾಸ್ತಾನು ಬರಿದಾಯಿತು. ಬೇರೆ ಯಾರೇ ಆಗಿದ್ದರೂ ಹೊಸ ಕಾರ್ಖಾನೆ ಕಟ್ಟುತ್ತಿದ್ದರು. ಅಡಿಕೆಗೆ ಬೆಲೆ ಬಂದಾಗ ಗದ್ದೆಗಳೇ ತೋಟವಾಗುವುದನ್ನು ಭದ್ರಾ ಕಾಲುವೆಯ ಉದ್ದಕ್ಕೂ ನಾವು ನೋಡಿಲ್ಲವೇ? ಆದರೆ ಸನ್ಯಾಸಿಗಳು ಒಂದು ಹಂಡೆಯನ್ನೂ ಹೆಚ್ಚಿಸಲಿಲ್ಲ. ಮಠ ನಡೆಯಲು, ಬಡವರಿಗೆ ಕೊಡಲು ಎಷ್ಟು ಬೇಕೋ ಅಷ್ಟು ಮಾಡುತ್ತೇವೆ, ಉಳಿದ ಹೊತ್ತು ಪ್ರಾರ್ಥನೆಗೆ ಬೇಕು ಎಂಬುದು ಅವರ ನಿಲುವು. ಇಂದಿಗೂ ವರ್ಷಕ್ಕೆ ತಯಾರಾಗುವುದು ಸುಮಾರು 6 ಲಕ್ಷ ಲೀಟರ್. ಮೊದಲು ಫೋನಿನಲ್ಲಿ, 2019ರಿಂದ ಅಂತರಜಾಲದಲ್ಲಿ ಹೆಸರು ಬರೆಸಿ, ಮಠಕ್ಕೇ ಹೋಗಿ ತರುವುದು ಕ್ರಮವಾಯಿತು. ಕೊಂಡವರು ಮರಳಿ ಮಾರಬಾರದೆಂಬ ಕರಾರೂ ಇದೆ. ಕಟ್ಟಡದ ಜೀರ್ಣೋದ್ಧಾರಕ್ಕೆ ಹಣ ಬೇಕಾದಾಗ, 2012ರಲ್ಲಿ ಒಮ್ಮೆ ಹೊರದೇಶಗಳಿಗೂ ಮಾರಿದರು. ಅಗತ್ಯ ತೀರಿದ ಮೇಲೆ ನಿಲ್ಲಿಸಿದರು.

2018ರಲ್ಲಿ ನೆದರ್ಲೆಂಡ್ಸಿನ ಒಂದು ಅಂಗಡಿ ಬಳಗವು ಎರಡು ಯೂರೋಗೂ ಕಡಿಮೆ ಬೆಲೆಯ ಬಾಟಲಿಯನ್ನು ಸುಮಾರು ಹತ್ತು ಯೂರೋಗೆ ಮಾರಿದಾಗ ಸನ್ಯಾಸಿಗಳು ಬಹಿರಂಗವಾಗಿ ಆಕ್ಷೇಪಿಸಿದರು. ಹೆಚ್ಚು ಬೆಲೆ ಬಂತೆಂದು ಮುನಿಸಿಕೊಳ್ಳುವ ಮೂಲ ತಯಾರಕರನ್ನು ಲೋಕ ಎಲ್ಲಿ ಕಂಡಿದೆ? ಇದರ ಬೇರು ಬೆನೆಡಿಕ್ಟರ ನಿಯಮದ 57ನೇ ಅಧ್ಯಾಯದಲ್ಲಿದೆ. ಮಠದ ವಸ್ತುವನ್ನು ಹೊರಗಿನವರಿಗಿಂತ ಸ್ವಲ್ಪ ಕಡಿಮೆಗೇ ಮಾರಬೇಕು, ದುರಾಸೆ ಒಳಗೆ ನುಸುಳಬಾರದು ಎಂಬುದು ಅದರ ತಾತ್ಪರ್ಯ.

ಭಾರತಕ್ಕೆ ಬಂದ ಸನ್ಯಾಸಿ

ಬೆಲ್ಜಿಯಂನ ‘ಶಿಮೇ’ ಬಿಯರು ತಯಾರಾಗುವ ಸ್ಕೂರ್ಮೋ ಮಠದ ಸನ್ಯಾಸಿಯೊಬ್ಬರು 1955ರಲ್ಲಿ ಭಾರತಕ್ಕೆ ಬಂದರು. ಅವರೇ ಮುಂದೆ ಫ್ರಾನ್ಸಿಸ್ ಆಚಾರ್ಯ ಎಂದು ಹೆಸರಾದವರು. ಅದೇ ವರ್ಷ ಇಂಗ್ಲೆಂಡಿನಿಂದ ಬಂದು ಬೆಂಗಳೂರಿನ ಕೆಂಗೇರಿಯಲ್ಲಿ ನೆಲೆಸಿದ್ದ ಬೀಡ್ ಗ್ರಿಫಿತ್ಸರು ಅವರ ಜೊತೆಗೂಡಿದರು. 1958ರಲ್ಲಿ ಕೇರಳದ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಆರಂಭವಾಯಿತು. 1998ರಲ್ಲಿ ಅದು ಟ್ರ್ಯಾಪಿಸ್ಟ್ ಸಭೆಗೆ ಸೇರಿತು. ಅಲ್ಲಿಯ ಸನ್ಯಾಸಿಗಳು ಬಿಯರು ತಯಾರಿಸಲಿಲ್ಲ. ಹಸು ಸಾಕಿದರು, ಹಾಲು ಮಾರಿದರು. ನಮ್ಮ ನೆಲಕ್ಕೆ, ನಮ್ಮ ಜನಕ್ಕೆ ಬೇಕಾದುದು ಹಾಲು ಎಂದು ಅವರು ಅರಿತರು. ಬಿಯರು ಮಠದ ಧರ್ಮವಲ್ಲ. ದುಡಿಮೆಯೂ ಮಿತಿಯೂ ಮಠದ ಧರ್ಮ.

ನಮ್ಮ ಮನೆಗಳಿಗೆ ಏನು ಪಾಠ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಿಯಮದ 40ನೇ ಅಧ್ಯಾಯವು ಮಠವಾಸಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ದ್ರಾಕ್ಷಾರಸ ಸಾಕೆನ್ನುತ್ತದೆ. ಕುಡಿಯದೆ ಇರಬಲ್ಲವರಿಗೆ ದೇವರಿಂದ ವಿಶೇಷ ಪ್ರತಿಫಲವಿದೆ ಎಂದೂ, ಸಿಗದ ಊರಿನಲ್ಲಿ ಗೊಣಗದೆ ದೇವರನ್ನು ಸ್ತುತಿಸಿರಿ ಎಂದೂ ಬೋಧಿಸುತ್ತದೆ. ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ ಪ್ರಭುವಿನ ಧರ್ಮಸಭೆ ಪಾನೀಯವನ್ನೇ ಪಾಪವೆನ್ನುವುದಿಲ್ಲ. ಮಿತಿ ಮೀರುವುದನ್ನು ಪಾಪವೆನ್ನುತ್ತದೆ. ಕುಡಿದು ವಾಹನ ಓಡಿಸಿ ತಮ್ಮ ಮತ್ತು ಪರರ ಜೀವಕ್ಕೆ ಅಪಾಯ ತರುವವರ ದೋಷ ಗಂಭೀರವಾದುದೆಂದು ಕಥೋಲಿಕ ಧರ್ಮೋಪದೇಶವು ತನ್ನ 2290ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಭದ್ರಾವತಿಯಲ್ಲಿ ಮದುವೆಯೂಟ ಮುಗಿಸಿ ರಾತ್ರಿ ಬೈಕಿನಲ್ಲಿ ಶಿವಮೊಗ್ಗಕ್ಕೆ ಮರಳುವ ನಮ್ಮ ಯುವಕರು ಇದನ್ನು ಮರೆಯದಿರಲಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕಾನೂನು ಅಂಗಡಿ ಮುಚ್ಚಿಸಬಹುದು, ‘ಸಾಕು’ ಎಂಬ ಮಾತನ್ನು ನಮ್ಮ ಬಾಯಿಂದ ಆಡಿಸಲಾರದು. ಸಂಬಳದ ದಿನ ಮನೆಗೆ ಬಾರದ ಹಣ, ಸಾಲ ಮಾಡಿ ನಡೆಸಿದ ನಾಮಕರಣದ ಪಾರ್ಟಿ, ಹಬ್ಬದ ರಾತ್ರಿ ಹೆದರಿ ಮೂಲೆ ಸೇರುವ ಮಕ್ಕಳು, ಇವು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆಂದು ಹೇಳಲು ಯಾರಿಂದ ಸಾಧ್ಯ?

ಆದುದರಿಂದ ಮುಂದಿನ ಮದುವೆ, ನಾಮಕರಣ, ಹಬ್ಬಗಳಿಗೆ ಮೊದಲೇ ಮನೆಯವರೆಲ್ಲ, ಮುಖ್ಯವಾಗಿ ತಾಯಂದಿರು, ಕೂತು ಮಿತಿಯನ್ನು ನಿಶ್ಚಯಿಸಿರಿ. ಬೇಡವೆಂದವರಿಗೆ ಒತ್ತಾಯ ಮಾಡದಿರಿ. ವ್ಯಸನಕ್ಕೆ ಸಿಲುಕಿದವರಿಗೆ ಮಿತಿಯೆಂದರೆ ಒಂದು ತೊಟ್ಟೂ ಇಲ್ಲದಿರುವುದೇ. ಅದು ಕಾಯಿಲೆ, ವೈದ್ಯರ ನೆರವು ಮತ್ತು ನಮ್ಮೆಲ್ಲರ ಆಸರೆ ಅವರಿಗೆ ಬೇಕು, ಅವಮಾನ ಬೇಡ. ಜಗತ್ತೇ ಇನ್ನಷ್ಟು ಕೊಡಿ ಎಂದು ಬಾಗಿಲು ತಟ್ಟಿದರೂ ಸಾಕು ಎಂದವರ ಧೈರ್ಯ ನಮ್ಮ ಮನೆಗಳಿಗೂ ಬರಲಿ. ಸಂತ ಬೆನೆಡಿಕ್ಟರು ನಮಗಾಗಿ ಪ್ರಾರ್ಥಿಸಲಿ.