ಐದು ಕೋಟಿ ಡಾಲರ್ ಬಿಟ್ಟು ಹೋದ ನಗೆಗಾರ

ಐದು ಕೋಟಿ ಡಾಲರ್ ಕೈಗೆ ಬರುವ ಹೊತ್ತಿಗೆ ಕೆಲಸ ಬಿಟ್ಟು ಹೊರಟವನಿಗೆ ನಮ್ಮ ಊರಲ್ಲಿ ಜನ ಏನು ಹೇಳುತ್ತಾರೆ? "ಅವನಿಗೆ ತಲೆ ಸರಿ ಇಲ್ಲ ಮಾರಾಯ್ರೆ" ಎನ್ನುತ್ತಾರೆ. ಅಮೆರಿಕದಲ್ಲೂ ಅದನ್ನೇ ಹೇಳಿದರು. 2005ರಲ್ಲಿ ಡೇವ್ ಶಾಪೆಲ್ ಎಂಬ ಹಾಸ್ಯಗಾರ ತನ್ನ ಟಿವಿ ಕಾರ್ಯಕ್ರಮದ ಮೂರನೇ ವರ್ಷದ ಕೆಲಸವನ್ನು ಅರ್ಧದಲ್ಲಿ ಬಿಟ್ಟು ದಕ್ಷಿಣ ಆಫ್ರಿಕದ ವಿಮಾನ ಹತ್ತಿದಾಗ, ಮೊದಲು ಹಬ್ಬಿದ ಸುದ್ದಿ ಅವರು ಮಾನಸಿಕ ಆಸ್ಪತ್ರೆಯಲ್ಲಿದ್ದಾರೆ ಎಂಬುದು. ಡ್ರಗ್ಸ್ ಎಂದವರೂ ಇದ್ದರು. ಕೊನೆಗೆ 'ಟೈಮ್' ಪತ್ರಿಕೆಯವರು ಹುಡುಕಿಕೊಂಡು ಹೋದಾಗ ಆ ಮನುಷ್ಯ ಸಿಕ್ಕಿದ್ದು ಡರ್ಬನ್ ನಗರದಲ್ಲಿ, ಪರಿಚಯದವರ ಮನೆಯಲ್ಲಿ. ಆಸ್ಪತ್ರೆಯೂ ಇಲ್ಲ, ಡ್ರಗ್ಸೂ ಇಲ್ಲ. ಸ್ವಲ್ಪ ಯೋಚನೆ ಮಾಡಲಿಕ್ಕೆ ಬಂದಿದ್ದೇನೆ ಎಂದರು.

ಅಂದಿನ ಲೆಕ್ಕದಲ್ಲಿ ಅದು 200 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತ. ಇನ್ನೆರಡು ವರ್ಷ ಕಾರ್ಯಕ್ರಮ ಮಾಡಿಕೊಡಲಿಕ್ಕೆ ಕಾಮಿಡಿ ಸೆಂಟ್ರಲ್ ಚಾನೆಲಿನವರು 2004ರಲ್ಲಿ ಒಪ್ಪಿದ ಹಣ ಎಂದು ವರದಿಯಾಗಿತ್ತು.

ನಮ್ಮ ಓದುಗರಿಗೆ ಈ ಹೆಸರು ಅಷ್ಟು ಪರಿಚಯ ಇರಲಿಕ್ಕಿಲ್ಲ. ಮನೆಯ ಹುಡುಗರನ್ನು ಕೇಳಿದರೆ ಗೊತ್ತಿದ್ದೀತು, ಮೊಬೈಲಿನಲ್ಲಿ ಇವರ ತುಣುಕುಗಳು ಓಡಾಡುತ್ತಾ ಇರುತ್ತವೆ. ಶಾಪೆಲ್ ಹುಟ್ಟಿದ್ದು 1973ರಲ್ಲಿ, ವಾಷಿಂಗ್ಟನ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಕಾಲೇಜಿನಲ್ಲಿ ಕಲಿಸುವವರು, ಕರಿಯ ಸಮುದಾಯದ ಓದಿದ ಮನೆತನ. 14ನೇ ವಯಸ್ಸಿಗೇ ಕ್ಲಬ್ಬುಗಳಲ್ಲಿ ಹಾಸ್ಯ ಹೇಳಲು ಶುರು. ಹುಡುಗ ಸಣ್ಣವನಾದ್ದರಿಂದ ತಾಯಿಯೇ ಜೊತೆಗೆ ಹೋಗಿ ಕೂರುತ್ತಿದ್ದರು. 17ರ ಆಸುಪಾಸಿನಲ್ಲಿ ಇಸ್ಲಾಂ ಸ್ವೀಕರಿಸಿದರು. ಮನೆಯ ಎದುರಿನ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಮುಸ್ಲಿಮರ ಹತ್ತಿರ ಅದು ಇದು ಪ್ರಶ್ನೆ ಕೇಳುತ್ತಾ ಕೇಳುತ್ತಾ ಆಸಕ್ತಿ ಹುಟ್ಟಿದ್ದನ್ನು ಹಿರಿಯ ನಿರೂಪಕ ಡೇವಿಡ್ ಲೆಟರ್‌ಮನ್ ಜೊತೆಗಿನ ಸಂದರ್ಶನದಲ್ಲಿ ಅವರೇ ಹೇಳಿಕೊಂಡಿದ್ದಾರೆ. ದಅವತ್ ಎಂದರೆ ದೊಡ್ಡ ಸ್ಟೇಜು, ದೊಡ್ಡ ಮೈಕು ಎಂದುಕೊಂಡವರು ಆ ಪಿಜ್ಜಾ ಅಂಗಡಿಯನ್ನು ಸ್ವಲ್ಪ ನೆನೆಯಬಹುದು.

ತನ್ನ ಧರ್ಮದ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಕಾರಣವನ್ನೂ 2005ರಲ್ಲೇ ಹೇಳಿದ್ದಾರೆ. ಇಷ್ಟು ಚೆಂದದ ಒಂದು ಸಂಗತಿಯನ್ನು ಜನ ತನ್ನ ತಪ್ಪುಗಳ ಜೊತೆ ಸೇರಿಸಿ ನೋಡುವುದು ಬೇಡ ಎಂಬ ಅರ್ಥದ ಮಾತು ಅದು. ತಪ್ಪುಗಳು ಇರುವುದು ಹೌದು. ಅವರ ಹಾಸ್ಯದಲ್ಲಿ ಬೈಗುಳ ಧಾರಾಳ, ಸ್ಟೇಜಿನ ಮೇಲೇ ಸಿಗರೇಟು ಸೇದುತ್ತಾರೆ. ಉಮ್ಮ ಉಪ್ಪರ ಜೊತೆ ಕೂತು ನೋಡುವಂಥದ್ದಲ್ಲ, ಮಕ್ಕಳಿಗೆ ತೋರಿಸಿ ಎಂದು ಯಾವ ಉಸ್ತಾದರೂ ಹೇಳಲಾರರು. ಆದರೂ ಅವರ ಕಥೆ ಹೇಳಬೇಕೆಂದು ಅನಿಸಿದ್ದು ಆ ಒಂದು ನಗುವಿನಿಂದಾಗಿ. ಅದಕ್ಕೆ ಬರುತ್ತೇನೆ.

'ಶಾಪೆಲ್ಸ್ ಶೋ' ಶುರುವಾದದ್ದು 2003ರ ಜನವರಿಯಲ್ಲಿ. ಒಂದೇ ಮನೆ, ಅದೇ ಪಾತ್ರಗಳು ಎಂಬ ಧಾರಾವಾಹಿಯಲ್ಲ, ಚಿಕ್ಕ ಚಿಕ್ಕ ಪ್ರಹಸನಗಳ ಸರಣಿ. ಮೊದಲ ಸಂಚಿಕೆಯಲ್ಲೇ ಒಬ್ಬ ಕುರುಡ ಬರುತ್ತಾನೆ. ಕರಿಯರನ್ನು ದ್ವೇಷಿಸಿ ಪುಸ್ತಕ ಬರೆಯುವವನು, ಬಿಳಿಯರ ಸಭೆಗಳಲ್ಲಿ ಮುಖವಾಡ ಹಾಕಿ ಭಾಷಣ ಮಾಡುವವನು. ಕಣ್ಣು ಕಾಣದ ಕಾರಣ ತಾನೇ ಒಬ್ಬ ಕರಿಯ ಎಂಬುದು ಅವನಿಗೆ ಗೊತ್ತಿಲ್ಲ! ಇಡೀ ಅಮೆರಿಕ ಬಿದ್ದು ಬಿದ್ದು ನಕ್ಕಿತು. ಡಿವಿಡಿಗಳು ಲಕ್ಷಗಟ್ಟಲೆ ಮಾರಿಹೋದವು.

ಗೆಲುವೇ ತೊಂದರೆ ಕೊಡಲು ಶುರುಮಾಡಿತು. 2004ರಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿ ಪ್ರದರ್ಶನ ಕೊಡುವಾಗ, ಟಿವಿಯಲ್ಲಿ ಹೆಸರಾದ ಒಂದು ಡೈಲಾಗನ್ನು ಸಭಿಕರು ಮತ್ತೆ ಮತ್ತೆ ಕೂಗುತ್ತಲೇ ಇದ್ದರು. ಹೊಸದು ಹೇಳಲಿಕ್ಕೆ ಬಿಡಲೇ ಇಲ್ಲ. ಅವರು ಸ್ಟೇಜು ಬಿಟ್ಟು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ನಂತರ ಬಂದು, ಈ ಕಾರ್ಯಕ್ರಮ ನನ್ನ ಬದುಕನ್ನೇ ಹಾಳು ಮಾಡುತ್ತಿದೆ ಎಂದು ಮುಖಕ್ಕೆ ಹೇಳಿದರು. ಅದೇ ವರ್ಷ ಆ ದೊಡ್ಡ ಒಪ್ಪಂದವೂ ಆಯಿತು.

ಈಗ ಆ ನಗು. ಮೂರನೇ ವರ್ಷಕ್ಕೆ ಅವರು ಮಾಡಿದ್ದ ಒಂದು ಪ್ರಹಸನದಲ್ಲಿ ವಿಮಾನದೊಳಗೆ ಒಬ್ಬ ಕರಿಯ ಪ್ರಯಾಣಿಕ ಇದ್ದಾನೆ. ಊಟಕ್ಕೆ ಕೋಳಿಯೋ ಮೀನೋ ಎಂದು ಕೇಳುತ್ತಾರೆ. ಕರಿಯರೆಂದರೆ ಕೋಳಿ ಎಂಬುದು ಅಲ್ಲಿನ ಬಿಳಿಯರ ಹಳೆಯ ಗೇಲಿ, ಹಾಗಾಗಿ ಇವನಿಗೆ ಕೋಳಿ ಕೇಳಲಿಕ್ಕೂ ನಾಚಿಕೆ. ಆಗ ಮುಖಕ್ಕೆ ಮಸಿ ಬಳಿದುಕೊಂಡ ಒಂದು ಕುಬ್ಜ ಆಕೃತಿ ಪ್ರತ್ಯಕ್ಷವಾಗಿ ಕುಣಿಯುತ್ತಾ ಅವನನ್ನು ಹುರಿದುಂಬಿಸುತ್ತದೆ. ಆ ಕುಬ್ಜನೂ ಶಾಪೆಲ್ ಅವರೇ. ಹಿಂದಿನ ಕಾಲದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಹಚ್ಚಿಕೊಂಡು ಕರಿಯರನ್ನು ಅಣಕಿಸುತ್ತಿದ್ದ ಆಟವನ್ನೇ ತಿರುಗಿಸಿ ಹೊಡೆಯುವುದು ಅವರ ನಿಯ್ಯತ್ತು. ಚಿತ್ರೀಕರಣ ನೋಡುತ್ತಿದ್ದವರಲ್ಲಿ ಒಬ್ಬ ಬಿಳಿಯ ಜೋರಾಗಿ, ಬಹಳ ಹೊತ್ತು ನಕ್ಕ. ಆ ನಗು ಕೇಳಿ ಶಾಪೆಲ್ ಅವರಿಗೆ ಒಳಗೆ ಏನೋ ಚುಚ್ಚಿತು. ಇವನು ನನ್ನ ಜೊತೆ ನಗುತ್ತಿದ್ದಾನೋ, ನನ್ನನ್ನು ನೋಡಿ ನಗುತ್ತಿದ್ದಾನೋ? 'ಟೈಮ್' ಪತ್ರಿಕೆಗೂ, 2006ರಲ್ಲಿ ಓಪ್ರಾ ವಿನ್‌ಫ್ರೇ ಕಾರ್ಯಕ್ರಮದಲ್ಲೂ ಅವರು ಈ ಸಂಗತಿ ಹೇಳಿಕೊಂಡರು.

ಕೆಲಸದ ಒತ್ತಡ, ಸುತ್ತಲಿದ್ದವರ ಮೇಲಿನ ಅಪನಂಬಿಕೆ, ಹಣ ಬಂದಾಗ ಬದಲಾದ ಮುಖಗಳು, ಇವೂ ಕಾರಣಗಳೇ. ಒಂದೇ ನಗುವಿಗೆ ಯಾರೂ ಐದು ಕೋಟಿ ಬಿಡುವುದಿಲ್ಲ. ಆದರೆ ಈ ನಗುವಿನ ವ್ಯತ್ಯಾಸ ನಮಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯ ನಾಟಕಗಳಲ್ಲಿ ಬ್ಯಾರಿ ಪಾತ್ರ ಬಂದು ಬಾಯಿ ಬಿಟ್ಟ ಕೂಡಲೇ, ಜೋಕು ಹೇಳುವ ಮೊದಲೇ ಮಾತಿನ ಧಾಟಿಗೇ ಜನ ನಗುವುದುಂಟು. ನಾವೂ ನಗುತ್ತೇವೆ. ಕೆಲವೊಮ್ಮೆ ಅದು ಒಟ್ಟಿಗೆ ಕೂತು ನಕ್ಕ ನಗು, ಕೆಲವೊಮ್ಮೆ ಅಲ್ಲ. ಹಿಂದಿನ ಸಾಲಿನಲ್ಲಿ ಕೂತವನಿಗೆ ಗೊತ್ತಾಗಿಬಿಡುತ್ತದೆ.

ಅವರ ಮಟ್ಟಿಗೆ ಇಂಥ ಹಟ ಹೊಸದೂ ಅಲ್ಲ. 1996ರಲ್ಲಿ 'ಬಡ್ಡೀಸ್' ಎಂಬ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು. ತಯಾರಾದದ್ದು 13 ಸಂಚಿಕೆ, ಪ್ರಸಾರವಾದದ್ದು ಬರೀ 5. 1998ರಲ್ಲಿ ಫಾಕ್ಸ್ ಚಾನೆಲಿಗೆ ಇನ್ನೊಂದು ಧಾರಾವಾಹಿ ಮಾಡುವ ಮಾತುಕತೆಯಾದಾಗ, ಬಿಳಿಯ ಪಾತ್ರಗಳನ್ನು ಸೇರಿಸಬೇಕು ಎಂಬ ಬೇಡಿಕೆ ಬಂತೆಂದು ಆರೋಪಿಸಿ ಎದ್ದು ಬಂದಿದ್ದರು.

ಡರ್ಬನ್‌ನಿಂದ ಹಿಂದೆ ಬಂದ ಮೇಲೆ ಅವರು ಹಾಲಿವುಡ್‌ಗೆ ಹೋಗಲಿಲ್ಲ, ಒಹಾಯೊ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬಲ್ಲಿನ ತನ್ನ ಮನೆಗೆ ಹೋದರು. ನಾಲ್ಕು ಸಾವಿರ ಜನರೂ ಇಲ್ಲದ ಊರು ಅದು. ತಂದೆ ಕಲಿಸುತ್ತಿದ್ದ ಆಂಟಿಯಾಕ್ ಕಾಲೇಜು ಇರುವುದು ಅಲ್ಲೇ, ಬಾಲ್ಯದ ಕೆಲವು ವರ್ಷಗಳನ್ನೂ ಅಲ್ಲೇ ಕಳೆದಿದ್ದರು. ಹೆಂಡತಿ, ಮೂವರು ಮಕ್ಕಳು, ಹೊಲಗಳು. 2006ರಲ್ಲಿ ಚಾನೆಲಿನವರು ಇವರಿಲ್ಲದೆಯೇ ಉಳಿದ ಪ್ರಹಸನಗಳನ್ನು ಪ್ರಸಾರ ಮಾಡಿದರು. ಅದರಲ್ಲಿ ಆ ಮಸಿ ಮುಖದ ಕುಬ್ಜನೂ ಬಂದ.

ಮುಂದಿನ ಏಳೆಂಟು ವರ್ಷ ಜನ ಇವರನ್ನು ಮರೆತರು ಎನ್ನುವ ಹಾಗಿಲ್ಲ. ಆದರೆ ಟಿವಿ ಇಲ್ಲ, ದೊಡ್ಡ ಸಿನಿಮಾ ಇಲ್ಲ. ಇದ್ದಕ್ಕಿದ್ದಂತೆ ಯಾವುದೋ ಕ್ಲಬ್ಬಿಗೆ ಬಂದು ಮೈಕು ಹಿಡಿಯುವುದು, ಮಾತಾಡುವುದು, ಹೋಗುವುದು. 2007ರಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ಒಂದೇ ರಾತ್ರಿ ಆರು ಗಂಟೆಗೂ ಹೆಚ್ಚು ಹೊತ್ತು ಸ್ಟೇಜಿನ ಮೇಲಿದ್ದರು. ನಮ್ಮಲ್ಲಿ ರಾತ್ರಿ ಮತಪ್ರವಚನ ಮಾಡುವವರಿಗೂ ಇದು ದೊಡ್ಡ ಮಾತು! ಎಲ್ಲಾ ಕಡೆ ಹೀಗೆ ನಡೆಯಲಿಲ್ಲ. 2013ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಸಭಿಕರ ಕೂಗಾಟ ನಿಲ್ಲದಿದ್ದಾಗ ಹಾಸ್ಯವನ್ನೇ ನಿಲ್ಲಿಸಿಬಿಟ್ಟರು. ಒಪ್ಪಿದ ಸಮಯ ಮುಗಿಯುವವರೆಗೆ ಸ್ಟೇಜಿನ ಮೇಲೆ ಸುಮ್ಮನೆ ಕಾಲ ಕಳೆದು ಹೊರಟರು. ಇನ್ನು ಇವರ ಕಥೆ ಮುಗಿಯಿತು ಎಂದು ಬರೆದವರು ಬಹಳ.

ಮುಗಿಯಲಿಲ್ಲ. 2014ರಲ್ಲಿ ನ್ಯೂಯಾರ್ಕ್‌ನ ರೇಡಿಯೊ ಸಿಟಿ ಸಭಾಂಗಣದಲ್ಲಿ ಸಾಲು ಪ್ರದರ್ಶನ ಕೊಟ್ಟರು. 2016ರ ನವೆಂಬರಿನಲ್ಲಿ, ಟ್ರಂಪ್ ಮೊದಲ ಸಲ ಗೆದ್ದ ನಾಲ್ಕೇ ದಿನಕ್ಕೆ 'ಸ್ಯಾಟರ್‌ಡೇ ನೈಟ್ ಲೈವ್' ನಡೆಸಿಕೊಟ್ಟರು. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಅದೇ ತಿಂಗಳು ನೆಟ್‌ಫ್ಲಿಕ್ಸ್ ಜೊತೆ ಮೂರು ಕಾರ್ಯಕ್ರಮಗಳ ಒಪ್ಪಂದ ಪ್ರಕಟವಾಯಿತು. ಅದರ ಮೊತ್ತ 6 ಕೋಟಿ ಡಾಲರ್ ಎಂದು ವರದಿ. ಅಂದರೆ ಬಿಟ್ಟು ಹೋದದ್ದಕ್ಕಿಂತಲೂ ಹೆಚ್ಚು, ಅದೂ ಹನ್ನೊಂದು ವರ್ಷ ತಡವಾಗಿ. ಈ ಸಲ ವೇಷವಿಲ್ಲ, ಮಸಿಯಿಲ್ಲ, ಚಾನೆಲಿನ ಸೆಟ್ ಇಲ್ಲ. ಒಬ್ಬ ಮನುಷ್ಯ, ಒಂದು ಮೈಕು. 2019ರಲ್ಲಿ ಅಮೆರಿಕದ ಹಾಸ್ಯಕ್ಕೆ ಕೊಡುವ ದೊಡ್ಡ ಗೌರವವಾದ ಮಾರ್ಕ್ ಟ್ವೈನ್ ಪ್ರಶಸ್ತಿ ಸಿಕ್ಕಿತು.

ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು 2020ರ ಎರಡು ಸಂಗತಿ. ಒಂದು, ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಮಂಡಿ ಊರಿ ಕೊಂದ ಮೇಲೆ ಮಾಡಿದ '8:46'. ಮಂಡಿ ಊರಿದ್ದು 8 ನಿಮಿಷ 46 ಸೆಕೆಂಡು ಎಂದು ಆಗ ಹೇಳಲಾಗಿತ್ತು. ಯೆಲ್ಲೋ ಸ್ಪ್ರಿಂಗ್ಸ್ ಹತ್ತಿರ ಬಯಲಿನಲ್ಲಿ, ಕೊರೊನ ಕಾಲದಲ್ಲಿ ದೂರ ದೂರ ಕುರ್ಚಿ ಹಾಕಿ, ಮಾಸ್ಕ್ ತೊಟ್ಟ ಜನರೆದುರು ಅರ್ಧ ಗಂಟೆಯಷ್ಟು ಮಾತಾಡಿದರು. ನಗಿಸುವ ಮಾತು ಅದರಲ್ಲಿ ಬಹಳ ಕಡಿಮೆ, ಇರುವುದು ಸಿಟ್ಟು. ಅದನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕಲಾಯಿತು.

ಎರಡನೆಯದು ಹಳೆಯ ಲೆಕ್ಕ. ಬಿಟ್ಟು ಬಂದ ಆ ಕಾರ್ಯಕ್ರಮವನ್ನು ನೆಟ್‌ಫ್ಲಿಕ್ಸ್ ಮತ್ತು ಎಚ್‌ಬಿಒ ಮ್ಯಾಕ್ಸ್ ಪುನಃ ತೋರಿಸತೊಡಗಿದ್ದವು. ಇವರಿಗೆ ಒಂದು ಪೈಸೆ ಇಲ್ಲ. ಕಾನೂನಿನ ಪ್ರಕಾರ ಅವರು ಕೊಡಬೇಕಾಗಿಯೂ ಇರಲಿಲ್ಲ, ಒಪ್ಪಂದಕ್ಕೆ ಸಹಿ ಇವರದೇ. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ, ಮನೆಯಲ್ಲಿ ಮಗು ಬರುವ ನಿರೀಕ್ಷೆಯಲ್ಲಿದ್ದಾಗ ಹಾಕಿದ ಸಹಿ. ಕೊಲ್ಲಿಗೆ ಹೋಗುವ ಆತುರದಲ್ಲಿ ಏಜೆಂಟ್ ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದವರು ನಮ್ಮಲ್ಲಿ ಎಷ್ಟಿಲ್ಲ! ಕಾಗದದಲ್ಲಿ ಸರಿಯಾದದ್ದು ನ್ಯಾಯದಲ್ಲೂ ಸರಿಯೇ ಎಂಬುದು ಶಾಪೆಲ್ ಅವರ ಪ್ರಶ್ನೆ. ಅವರು ಕೋರ್ಟಿಗೆ ಹೋಗಲಿಲ್ಲ. ನವೆಂಬರಿನಲ್ಲಿ ಒಂದು ವಿಡಿಯೊ ಮಾಡಿ, ಈ ಕಾರ್ಯಕ್ರಮವನ್ನು ದಯವಿಟ್ಟು ನೋಡಬೇಡಿ ಎಂದು ತನ್ನ ಅಭಿಮಾನಿಗಳನ್ನೇ ಕೇಳಿಕೊಂಡರು. ಅವರ ಮಾತಿನಂತೆ ನೆಟ್‌ಫ್ಲಿಕ್ಸ್ ಅದನ್ನು ತೆಗೆದುಹಾಕಿತು. 2021ರ ಫೆಬ್ರವರಿಯಲ್ಲಿ ಇನ್ನೊಂದು ವಿಡಿಯೊ ಬಂತು. ಕಾರ್ಯಕ್ರಮದ ಹಕ್ಕು ವಾಪಸು ಸಿಕ್ಕಿದೆ, ಲಕ್ಷಾಂತರ ಡಾಲರ್ ಹಣವೂ ಬಂದಿದೆ ಎಂದರು. ಹದಿನಾರು ವರ್ಷದ ಜಗಳ ಅಲ್ಲಿಗೆ ತೀರಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಚೆಂದ. ಆದರೆ ಪೂರ್ತಿ ಹೇಳಬೇಕಲ್ಲ. 2021ರ ಅಕ್ಟೋಬರಿನಲ್ಲಿ ಬಂದ 'ದ ಕ್ಲೋಸರ್'ನಲ್ಲಿ ಲಿಂಗಪರಿವರ್ತಿತರ ಬಗ್ಗೆ ಆಡಿದ ಮಾತುಗಳಿಗೆ ನೆಟ್‌ಫ್ಲಿಕ್ಸ್ ನೌಕರರೇ ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಶಾಪೆಲ್ ತನ್ನ ಮಾತು ಬದಲಿಸಲಿಲ್ಲ. ಆ ಬಿಳಿಯನ ನಗುವಿನಲ್ಲಿ ವಿಷ ಗುರುತಿಸಿದ ಕಿವಿಗೆ, ತನ್ನ ಸಭೆಯಲ್ಲಿ ಎದ್ದ ನಗು ಕೇಳಿಸಲಿಲ್ಲವೇ ಎಂದು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಇಸ್ಲಾಮಿನ ನಿಲುವು ಏನು ಎಂಬುದು ಒಂದು ವಿಷಯ, ಗೇಲಿ ಮಾಡುವುದು ಇನ್ನೊಂದು. ಸೂರಃ ಹುಜುರಾತ್ ಓದಿದ ಮದ್ರಸದ ಮಕ್ಕಳಿಗೂ ಇದು ಗೊತ್ತಿರುತ್ತದೆ.

ಗಾಝಾ ವಿಷಯದಲ್ಲಿ ಅವರು ಬಾಯಿ ಮುಚ್ಚಿ ಕೂರಲಿಲ್ಲ. 2023ರ ಅಕ್ಟೋಬರಿನಲ್ಲಿ ಬೋಸ್ಟನ್ ಪ್ರದರ್ಶನದಲ್ಲಿ ಹಮಾಸ್ ದಾಳಿಯನ್ನೂ ಗಾಝಾದ ಮೇಲಿನ ಬಾಂಬ್ ದಾಳಿಯನ್ನೂ ಖಂಡಿಸಿದಾಗ ಕೆಲವರು ಎದ್ದು ಹೋದರೆಂದು ವರದಿಯಾಯಿತು. 2025ರ ಜನವರಿಯಲ್ಲಿ, ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬರುವ ಎರಡು ದಿನ ಮೊದಲು, 'ಸ್ಯಾಟರ್‌ಡೇ ನೈಟ್ ಲೈವ್'ನಲ್ಲಿ ಫೆಲೆಸ್ತೀನಿನ ಹೆಸರು ಹೇಳಿಯೇ, ಮನೆ ಕಳೆದುಕೊಂಡವರ ಬಗ್ಗೆ ಕರುಣೆ ಇರಲಿ ಎಂದು ಕೇಳಿಕೊಂಡರು.

ಅದೇ ವರ್ಷ ರಿಯಾದ್‌ನ ಹಾಸ್ಯೋತ್ಸವಕ್ಕೂ ಹೋದರು. ಸೌದಿ ಸರಕಾರದ ಹಣಕ್ಕೆ ಮಾರುಹೋದರು ಎಂದು ಮಾನವ ಹಕ್ಕು ಸಂಘಟನೆಯವರೂ, ಅವರದೇ ವೃತ್ತಿಯ ಕೆಲವರೂ ಟೀಕಿಸಿದರು. ಈಗ ಅಮೆರಿಕಕ್ಕಿಂತ ಇಲ್ಲೇ ಮಾತಾಡುವುದು ಸುಲಭ ಎಂಬರ್ಥದಲ್ಲಿ ಅವರು ಅಲ್ಲಿ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಸೌದಿಯಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಬಂದ ನಮ್ಮವರು ಈ ಮಾತಿಗೆ ನಗುತ್ತಾರೋ, ಸುಮ್ಮನಾಗುತ್ತಾರೋ, ಅವರನ್ನೇ ಕೇಳಬೇಕು.